ಕುಂಟಿದ ಪೆಲೆಟ್ ಮತ್ತು ನನ್ನ ಸಹಿ

ಕೋವಿಡ್ ಹಾವಳಿ ಇಳಿದ ಮರುವರ್ಷ ನಾನು ರಾಣೆಬೆನ್ನೂರಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಗುಣಮಟ್ಟ ವಿಭಾಗದ ಮುಖ್ಯಸ್ಥನಾಗಿದ್ದೆ. ನಾವು ಏರ್‌ಗನ್ನಿನ ಪೆಲೆಟ್, ಅಂದರೆ ಸೀಸದ ಪುಟ್ಟ ಗುಂಡು, ಮಾಡುತ್ತಿದ್ದೆವು. ಅಲ್ಲಿಯವರೆಗೆ ಜಾತ್ರೆಯಲ್ಲಿ ಬಲೂನು ಹೊಡೆಸುವವರಿಗೆ ಮಾರಿದ್ದೇ ಹೆಚ್ಚು. ಆ ವರ್ಷ ಮಾಲೀಕರಿಗೆ ಸ್ಪರ್ಧೆಯ ಶೂಟರ್‌ಗಳಿಗಾಗಿ ಪ್ರೀಮಿಯಂ ಪೆಲೆಟ್ ತರುವ ಹುಮ್ಮಸ್ಸು ಬಂತು. ಅಳತೆ 4.5 ಮಿಲಿಮೀಟರ್, ತೂಕ 0.53 ಗ್ರಾಂ. ಪರೀಕ್ಷೆ ಸರಳ: ರೈಫಲ್ಲನ್ನು ಅಲುಗಾಡದಂತೆ ಕ್ಲ್ಯಾಂಪಿಗೆ ಬಿಗಿದು, ಹತ್ತು ಮೀಟರ್ ದೂರದ ಕಾಗದಕ್ಕೆ ಹತ್ತು ಸಲ ಹೊಡೆಯಬೇಕು. ಹತ್ತೂ ಒಂದೇ ತೂತಿನಲ್ಲಿ ಹೋಗಬೇಕು.

ಪೆಲೆಟ್ ಆರಿಸುವ ಮೇಜಿನಲ್ಲಿ ನೂರಜಹಾನ್ ಇದ್ದರು. ಬ್ಯಾಡಗಿಯಿಂದ ದಿನಾ ರೈಲಿಗೆ ಬರುವ ನಡುವಯಸ್ಸಿನ ಹೆಂಗಸು. ಅಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸಿ, ಕಾಯಿ ಆರಿಸಿ ಪಳಗಿದ ಕೈ. ಇಳಿಜಾರು ಗಾಜಿನ ಮೇಲೆ ಪೆಲೆಟ್ ಉರುಳಿಸಿ, ನೆಟ್ಟಗೆ ಉರುಳದೆ ಓಲಾಡಿದ್ದನ್ನು ತೆಗೆಯುವುದು ಆಕೆಯೇ ಕಂಡುಕೊಂಡ ಪದ್ಧತಿ. ನಾನು ಅದನ್ನು ಗೋಲಿ ಆಟ ಎಂದು ಚೇಷ್ಟೆ ಮಾಡುತ್ತಿದ್ದೆ.

ಹಾವೇರಿಯ ಒಂದು ರೈಫಲ್ ಕ್ಲಬ್ಬಿನಲ್ಲಿ ಕೋಚ್‌ಗಳ ಮುಂದೆ ನಮ್ಮ ಪೆಲೆಟ್ಟಿನ ಪ್ರದರ್ಶನ ನಿಗದಿಯಾಗಿತ್ತು. ಹಿಂದಿನ ದಿನ ಆಕೆ ಒಂದು ಟ್ರೇ ಹಿಡಿದುಕೊಂಡು ಬಂದರು.

"ಸಾಹೇಬ್ರ, ಈ ಟ್ರೇದಾಗಿನ ಗುಂಡು ಕುಂಟಾಕತ್ತಾವ್ರಿ. ಒಮ್ಮೆ ಹೊಡದು ನೋಡ್ರಿ."

ನಾನು ಒಂದಷ್ಟು ಪೆಲೆಟ್‌ಗಳಿಗೆ ಮೈಕ್ರೋಮೀಟರ್ ಹಚ್ಚಿ ಅಳೆದೆ, ತೂಗಿದೆ. ಎಲ್ಲ ಸರಿಯಿತ್ತು. "ಮಷೀನಿಗಿಂತ ನೀ ಶ್ಯಾಣ್ಯಾಕಿ ಏನು? ಇದು ಮೆಣಸಿನಕಾಯಿ ಅಲ್ಲ. ಪ್ಯಾಕ್ ಮಾಡು" ಎಂದೆ. ಸುತ್ತಲಿನವರು ನಕ್ಕರು, ನನಗೂ ಒಳಗೊಳಗೇ ಖುಷಿಯಾಯಿತು. ಕ್ಲ್ಯಾಂಪಿನಲ್ಲಿ ಹೊಡೆದು ನೋಡಲು ಇಪ್ಪತ್ತು ನಿಮಿಷ ಸಾಕಿತ್ತು. ನೋಡಲಿಲ್ಲ. ಮಾಲು ಪಾಸಾಗಿದೆ ಎಂಬ ರಿಪೋರ್ಟಿಗೆ ಸಹಿ ಹಾಕಿದೆ.

ಹಾವೇರಿಯಲ್ಲಿ ಹತ್ತರಲ್ಲಿ ಮೂರು ಪೆಲೆಟ್ ಪಕ್ಕಕ್ಕೆ ಹೋದವು. ಕೋಚ್‌ಗಳು ಮುಖ ಮುಖ ನೋಡಿಕೊಂಡರು. ಟ್ರೇಗಳ ಉಸ್ತುವಾರಿಗೆಂದು ನೂರಜಹಾನ್ ಕೂಡ ಬಂದಿದ್ದರು. ಮಾಲೀಕರು ಸಿಟ್ಟಿನಿಂದ "ಯಾರ ತಪ್ಪಿದು?" ಎಂದರು.

"ಆರಿಸೋದ್ರಾಗ ಹೆಚ್ಚುಕಮ್ಮಿ ಆಗೇತ್ರಿ" ಎಂದೆ ನಾನು.

ಆಕೆ ನನ್ನನ್ನು ನೋಡಿದರು. ನಾಳೆಯಿಂದ ಬರಬೇಡ ಎಂದು ಮಾಲೀಕರು ಅಲ್ಲೇ ಹೇಳಿಬಿಟ್ಟರು. ನಾನು ಟಾರ್ಗೆಟ್ ಕಾಗದ ಮಡಚುತ್ತ ನಿಂತಿದ್ದೆ.

ವಾರ ಕಳೆದು ಪೆಲೆಟ್ ಒತ್ತುವ ಅಚ್ಚು, ಅಂದರೆ ಡೈ, ಬಿಚ್ಚಿಸಿದಾಗ ಕಾರಣ ಸಿಕ್ಕಿತು. ಪೆಲೆಟ್ಟಿನ ಹಿಂಭಾಗವನ್ನು ಟೊಳ್ಳು ಮಾಡುವ ಪಂಚ್ ಕೂದಲೆಳೆಯಷ್ಟು ಸರಿದಿತ್ತು. ಹಾಗಾಗಿ ಗುಂಡಿನ ಒಂದು ಬದಿ ದಪ್ಪ, ಇನ್ನೊಂದು ಬದಿ ತೆಳು. ಹೊರ ಅಳತೆಯೂ ತೂಕವೂ ಸರಿಯಿದ್ದುದರಿಂದ ನನ್ನ ಉಪಕರಣಗಳಿಗೆ ಅದು ಕಾಣಲಿಲ್ಲ. ಗಾಜಿನ ಮೇಲೆ ಉರುಳಿಸಿದವರಿಗೆ ಕಂಡಿತ್ತು. ನಾನು ಸದ್ದಿಲ್ಲದೆ ಪಂಚ್ ಬದಲಿಸಿದೆ. ಮುಂದಿನ ಪ್ರದರ್ಶನದಲ್ಲಿ ಪೆಲೆಟ್ ಗೆದ್ದಿತು, ನನಗೆ ಶಾಲು ಹೊದಿಸಿದರು. ನಾಚಿಕೆಯಿಲ್ಲದೆ ಹೊದಿಸಿಕೊಂಡೆ.

ಆಮೇಲೆ ನಿದ್ದೆ ಕೆಟ್ಟು ಬ್ಯಾಡಗಿಗೆ ಹೋದೆ. ಆಕೆ ಮತ್ತೆ ಮೆಣಸಿನಕಾಯಿ ರಾಶಿಯ ಮುಂದೆ ಕುಳಿತಿದ್ದರು, ಉರಿಯುವ ಕೈಗೆ ಎಣ್ಣೆ ಸವರಿಕೊಂಡು. ಕೆಲಸಕ್ಕೆ ವಾಪಸ್ ಬರ್ರಿ ಎಂದೆ.

"ಅಷ್ಟು ಮಂದಿ ಮುಂದ ನನ್ನ ಹೊರಗ ಹಾಕಿದ್ರಿ. ತಪ್ಪು ಯಾರದಂತ ಮಾಲಕರಿಗೆ ಹೇಳ್ರಿ. ಆಮ್ಯಾಲ ನೋಡೂಣು."

"ನಾಳೇನ ಹೇಳತೀನಿ" ಎಂದು ಮಾತು ಕೊಟ್ಟೆ.

ಆ ನಾಳೆ ಬರಲು ಎಂಟು ತಿಂಗಳು ಹಿಡಿಯಿತು. ಇನ್ನು ಯಾರೂ ನನ್ನನ್ನು ಕೆಲಸದಿಂದ ತೆಗೆಯಲಾರರೆಂದು ಖಾತ್ರಿಯಾದ ಮೇಲೆ, ನಿವೃತ್ತಿಯ ದಿನ, ಮಾಲೀಕರ ಕೋಣೆಯಲ್ಲಿ ಎಲ್ಲ ಹೇಳಿದೆ. ಜೀವಮಾನವಿಡೀ ಬೇರೆಯವರು ಮಾಡಿದ ಮಾಲನ್ನು ರಿಜೆಕ್ಟ್ ಮಾಡಿದವನು ನಾನು. ಕೆಲಸ ಬಲ್ಲವರ ಮಾತನ್ನು ಪರೀಕ್ಷಿಸದೆ ತಳ್ಳಿಹಾಕಬಾರದು, ತಪ್ಪಿದರೆ ಅದೇ ದಿನ ಒಪ್ಪಿಕೊಳ್ಳಬೇಕು ಎಂಬ ಪಾಠ ತಲೆಗೆ ಹತ್ತಿದ್ದು ಕೆಲಸದ ಕೊನೆಯ ದಿನ.

ಮಾಲೀಕರು ನನ್ನೆದುರೇ ನೂರಜಹಾನರಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ತಪ್ಪಾಯಿತೆಂದು ಹೇಳಿ ಕೆಲಸಕ್ಕೆ ಕರೆದರು.

"ಸಾಹೇಬ್ರು ಇನ್ನೂ ಅಲ್ಲೇ ಕೆಲಸಕ್ಕ ಅದಾರೇನ್ರಿ?" ಎಂದು ಆಕೆ ಕೇಳಿದರು.

"ಇಲ್ಲವ್ವಾ, ಇವತ್ತ ರಿಟೈರ್ ಆದ್ರು" ಎಂದರು ಮಾಲೀಕರು.

"ಹಂಗಾರ ನಾಳೆ ಬರ್ತೀನ್ರಿ."