ಮಾವನ ಲೆಕ್ಕದ ಮೋಟಾರ್ ಸೈಕಲ್

1974ರಲ್ಲಿ ದೇವನಹಳ್ಳಿಯ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ನನ್ನದೊಂದು ಮೋಟಾರ್ ಸೈಕಲ್ ಗ್ಯಾರೇಜು ಇತ್ತು. ಅದಕ್ಕೂ ಮೊದಲು ಹನ್ನೆರಡು ವರ್ಷ ಸೈನ್ಯದ ವರ್ಕ್‌ಶಾಪಿನಲ್ಲಿ ದುಡಿದಿದ್ದೆ. ಅಲ್ಲಿ ಗಾಡಿ ಕೆಟ್ಟು ಬಂದರೆ ಮೊದಲು ಅದನ್ನು ಓಡಿಸಿದವನನ್ನು ನಿಲ್ಲಿಸಿ ವಿಚಾರಿಸುತ್ತಿದ್ದರು. ಊರಿಗೆ ಬಂದ ಮೇಲೆ ನೋಡಿದರೆ ಇಲ್ಲಿನ ಪದ್ಧತಿಯೇ ಬೇರೆ. ಓಡಿಸುವವನೂ ಕೆಡಿಸುವವನೂ ಅಳಿಯ, ಬೈಸಿಕೊಳ್ಳುವವನು ಮೆಕ್ಯಾನಿಕ್, ದುಡ್ಡು ಕೊಡುವವನು ಹೆಣ್ಣು ಕೊಟ್ಟ ಮಾವ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆಗ ನಮ್ಮ ಸೀಮೆಯಲ್ಲಿ ದ್ರಾಕ್ಷಿ ಬೆಳೆದು ನಾಲ್ಕು ಕಾಸು ಕಂಡಿದ್ದ ರೈತರು ಮಗಳ ಮದುವೆಯಲ್ಲಿ ಅಳಿಯನಿಗೆ ಮೋಟಾರ್ ಸೈಕಲ್ ಕೊಡುವ ಚಾಳಿ ಶುರುವಾಗಿತ್ತು. ವಾಚು, ಉಂಗುರ, ಸೂಟು ಎಲ್ಲ ಹಳೆಯದಾಗಿ, ಗಂಡಿನ ಕಡೆಯವರ ಕಣ್ಣು ಗಾಡಿಯ ಮೇಲೆ ಬಿದ್ದಿತ್ತು. ಕೊಟ್ಟರೆ ಮುಗಿಯಿತು ಎನ್ನುವ ಹಾಗೂ ಇರಲಿಲ್ಲ. ಮಾವ ಕೊಟ್ಟ ಗಾಡಿ ಕೆಟ್ಟರೆ ಅದರ ರಿಪೇರಿಯೂ ಮಾವನದೇ ಎಂದು ಈ ಅಳಿಯಂದಿರು ತಮ್ಮಷ್ಟಕ್ಕೆ ತಾವೇ ಕಾನೂನು ಮಾಡಿಕೊಂಡಿದ್ದರು. ಗಾಡಿಯನ್ನೂ ಹೆಂಡತಿಯನ್ನೂ ಒಟ್ಟಿಗೆ ತಂದು ಮಾವನ ಮನೆಯಲ್ಲಿ ಬಿಟ್ಟು, ಗಾಡಿ ರೆಡಿಯಾದಾಗ ಎರಡನ್ನೂ ಒಯ್ಯುತ್ತಿದ್ದರು. ನಾಚಿಕೆ ಎನ್ನುವುದು ಅವರ ಹತ್ತಿರ ಸುಳಿದಿರಲಿಲ್ಲ.

ಕುಂದಾಣದ ಹತ್ತಿರದ ಹಳ್ಳಿಯ ಪಿಳ್ಳಪ್ಪನ ಅಳಿಯ ಜಗನ್ನಾಥ ಈ ಪೈಕಿ ಮೊದಲ ದರ್ಜೆಯವನು. ಹೊಸಕೋಟೆ ಕಡೆಯವನು. ಜಮೀನಿತ್ತು, ಅದನ್ನು ಆಳುಗಳು ನೋಡಿಕೊಳ್ಳುತ್ತಿದ್ದರು. ಇವನ ಕೆಲಸವೆಂದರೆ ಟೆರಿಲಿನ್ ಶರ್ಟಿನ ಕಾಲರ್ ಎತ್ತಿಕೊಂಡು, ಕಪ್ಪು ಕನ್ನಡಕ ಹಾಕಿಕೊಂಡು, ಗಾಡಿಯ ಟ್ಯಾಂಕನ್ನು ಮೆತ್ತಗಿನ ಬಟ್ಟೆಯಲ್ಲಿ ಒರೆಸುವುದು. ಮದುವೆಯಾಗಿ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಅಷ್ಟರಲ್ಲಿ ಒಮ್ಮೆ ಕ್ಲಚ್ಚು, ಒಮ್ಮೆ ಪಿಸ್ಟನ್ ಎಂದು ಎರಡು ಸಲ ಗಾಡಿಯ ಜೊತೆ ಹೆಂಡತಿ ರತ್ನಮ್ಮ ತವರಿನಲ್ಲಿ ಬಂದು ಕೂತಿದ್ದಳು. ಊರಿನ ಹೆಂಗಸರು ನೀರಿಗೆ ಹೋದಲ್ಲಿ "ಏನಮ್ಮಾ, ಗಾಡಿ ಕೆಟ್ಟೋಯ್ತಾ?" ಎಂದು ಕೇಳುವ ಮಟ್ಟಿಗೆ ಅದು ಊರ ಬಾಯಿಗೆ ಬಿದ್ದಿತ್ತು.

ಮೂರನೆಯ ಸಲ ಆ ಗಾಡಿ ನನ್ನ ಗ್ಯಾರೇಜಿಗೆ ಬಂದದ್ದು ಎತ್ತಿನ ಗಾಡಿಯ ಮೇಲೆ. ಹಿಂದಿನ ಚಕ್ರ ಬಿಗಿದು ನಿಂತಿದ್ದರಿಂದ ತಳ್ಳಲೂ ಆಗುತ್ತಿರಲಿಲ್ಲ. ಪಿಳ್ಳಪ್ಪ ಎತ್ತು ಹೊಡೆಯುತ್ತಿದ್ದ. ಮೋಟಾರ್ ಸೈಕಲ್ ಉರುಳದ ಹಾಗೆ ಅದರ ಹ್ಯಾಂಡಲ್ ಹಿಡಿದುಕೊಂಡು ರತ್ನಮ್ಮ ಹಿಂದೆ ಕೂತಿದ್ದಳು. ಇಳಿಯುವಾಗ ಕುಂಟಿದಳು.

"ಸೂಲಿಬೆಲೆ ದಾಟ್ತಿದ್ದಂಗೇ ಚಕ್ರ ಹಿಡ್ಕೊಂಡುಬಿಡ್ತಂತೆ ಮೇಸ್ತ್ರಿ. ಇಬ್ರೂ ಬಿದ್ರಂತೆ," ಎಂದ ಪಿಳ್ಳಪ್ಪ.

"ಅಳಿಯಂದ್ರಿಗೆ ಏಟಾಯ್ತಾ?" ಎಂದೆ.

ಉತ್ತರ ಕೊಟ್ಟವಳು ರತ್ನಮ್ಮ. "ಅವರಿಗೇನೂ ಆಗ್ಲಿಲ್ಲ. ಎದ್ದವರೇ ಟ್ಯಾಂಕ್ ತರಚಿತಾ ಅಂತ ನೋಡ್ಕೊಂಡ್ರು. ಆಮೇಲೆ ನನ್ನ ಕೇಳಿದ್ರು."

ದಾರಿಯಲ್ಲಿ ಸಿಕ್ಕ ಲಾರಿಗೆ ಗಾಡಿ ಹೇರಿಸಿ, ಹೆಂಡತಿಯನ್ನೂ ಹತ್ತಿಸಿ, ಮಾವನ ಮನೆಯ ಮುಂದೆ ಎರಡನ್ನೂ ಇಳಿಸಿ ಆ ಮಹಾನುಭಾವ ಬಸ್ಸು ಹಿಡಿದು ಊರಿಗೆ ಹೋಗಿದ್ದ. ಮಂಡಿ ಊದಿಕೊಂಡ ಹೆಂಡತಿಯನ್ನು ಆಸ್ಪತ್ರೆಗೆ ತೋರಿಸುವ ಯೋಚನೆ ಅವನಿಗೆ ಬರಲಿಲ್ಲ. ಅದನ್ನೂ ಪಿಳ್ಳಪ್ಪನೇ ಮಾಡಿಸಿದ.

ಅದು ಟೂ ಸ್ಟ್ರೋಕ್ ಗಾಡಿ. ಅದರ ಚೈನ್ ಹೊರಗೆ ಕಾಣುವುದಿಲ್ಲ, ಪೂರ್ತಿ ತಗಡಿನ ಕವಚದೊಳಗೆ ಓಡುತ್ತದೆ. ಧೂಳು ನುಗ್ಗದಿರಲಿ ಎಂದು ಬುದ್ಧಿವಂತರು ಮಾಡಿದ ಏರ್ಪಾಡು. ಕಣ್ಣಿಗೆ ಬೀಳದ್ದು ಸವೆಯುವುದೇ ಇಲ್ಲ ಎಂದುಕೊಳ್ಳುವ ಸವಾರರ ಕೈಗೆ ಗಾಡಿ ಸಿಗುತ್ತದೆಂದು ಅವರಿಗೇನು ಗೊತ್ತು? ಕವಚ ಬಿಚ್ಚಿದೆ. ಒಳಗೆ ಚೈನೇ ಕಾಣಲಿಲ್ಲ. ರಾಗಿ ಅಂಬಲಿ ತಳ ಹಿಡಿದ ಹಾಗೆ ಕರ್ರಗಿನ ಗಟ್ಟಿ ಪದಾರ್ಥ ಮೆತ್ತಿಕೊಂಡಿತ್ತು. ಬೆರಳಿಗೆ ಹಚ್ಚಿಕೊಂಡು ಉಜ್ಜಿದರೆ ಮರಳು ಮರಳಾಗಿ ಕೈಗೆ ಹತ್ತಿತು. ಮೂಸಿದೆ. ಹರಳೆಣ್ಣೆ!

"ಏನಮ್ಮಾ ಇದು? ಯಾರು ಹಾಕಿದ್ದು?" ಎಂದು ಕೇಳಿದೆ.

"ಕೀಲೆಣ್ಣೆ. ಎತ್ತಿನ ಗಾಡಿಗೆ ಹಾಕ್ತಾರಲ್ಲ, ಅದೇ. ಮೋಟಾರ್ ಸೈಕಲ್ಲೂ ಗಾಡೀನೇ ತಾನೇ ಅಂತ ಆಳಿಗೆ ಹೇಳಿ ವಾರ ವಾರ ಹುಯ್ಯಿಸ್ತಿದ್ರು," ಎಂದಳು.

ಕೀಲೆಣ್ಣೆ ಎಂದರೆ ಹುಲ್ಲು ಸುಟ್ಟ ಮಸಿಯನ್ನು ಹರಳೆಣ್ಣೆಯಲ್ಲಿ ಕಲಸಿದ್ದು. ಎತ್ತಿನ ಗಾಡಿಯ ದಪ್ಪ ಅಚ್ಚಿಗೆ ಅದು ಚೆನ್ನಾಗಿಯೇ ಹೊಂದುತ್ತದೆ, ನಮ್ಮ ರೈತರಿಗೆ ಅಷ್ಟು ತಿಳಿವಳಿಕೆ ಇದೆ. ಆದರೆ ಚೈನಿನ ಪಿನ್ನುಗಳ ಸಂದಿಗೆ ಮಸಿ, ಧೂಳು, ಅಂಟು ಎಣ್ಣೆ ಮೂರೂ ಸೇರಿದರೆ ಅದು ಎಣ್ಣೆಯಲ್ಲ, ಸಾಣೆ. ಗಾಡಿ ಓಡಿದಷ್ಟೂ ಅರೆಯುತ್ತದೆ. ಗಾಡಿಯ ಜೊತೆ ಬಂದಿದ್ದ ಕೈಪಿಡಿಯಲ್ಲಿ ಯಾವ ಎಣ್ಣೆ, ಎಷ್ಟು, ಎಲ್ಲಿ ಎಂದು ಚಿತ್ರ ಸಮೇತ ಇತ್ತು. ಅದನ್ನು ಬಿಡಿಸಿ ನೋಡುವ ಪುರುಸೊತ್ತು ನಮ್ಮ ಅಳಿಯಂದಿರಿಗೆ ಎಲ್ಲಿಂದ ಬರಬೇಕು?

ಸೀಮೆಎಣ್ಣೆಯಲ್ಲಿ ತೊಳೆದು ನೋಡಿದ ಮೇಲೆ ಉಳಿದದ್ದೂ ಗೊತ್ತಾಯಿತು. ಓದುಗರಿಗಾಗಿ ಹೇಳುತ್ತೇನೆ. ಚೈನ್ ಎರಡು ಹಲ್ಲಿನ ಚಕ್ರಗಳ ಮೇಲೆ ಓಡುತ್ತದೆ, ಮುಂದಿನದು ಎಂಜಿನ್ನಿನ ಕಡೆ, ಹಿಂದಿನದು ಹಿಂದಿನ ಚಕ್ರದಲ್ಲಿ. ಇವಕ್ಕೆ ಸ್ಪ್ರಾಕೆಟ್ ಎನ್ನುತ್ತೇವೆ. ಚೈನಿನ ಪಿನ್ನುಗಳು ಸವೆದ ಹಾಗೆ ಲಿಂಕಿನಿಂದ ಲಿಂಕಿಗೆ ಇರುವ ಅಂತರ ಹೆಚ್ಚಾಗಿ ಚೈನ್ ಉದ್ದವಾಗುತ್ತದೆ. ಉದ್ದವಾದ ಚೈನ್ ಸ್ಪ್ರಾಕೆಟ್ಟಿನ ಹಲ್ಲಿನ ಬುಡದಲ್ಲಿ ಕೂರದೆ ಮೇಲಕ್ಕೇರಿ, ಹಲ್ಲನ್ನು ಒಂದೇ ಕಡೆಗೆ ತಿಂದು ಕೊಕ್ಕೆಯಂತೆ ಮಾಡುತ್ತದೆ. ಆ ಸ್ಥಿತಿಗೆ ಬಂದಾಗ ಚೈನ್, ಎರಡು ಸ್ಪ್ರಾಕೆಟ್, ಮೂರನ್ನೂ ಒಟ್ಟಿಗೆ ಬದಲಾಯಿಸಬೇಕು. ಜಗನ್ನಾಥ ಮಾಡಿಸಿದ್ದು ಬೇರೆ. ಯಾವನೋ ಸೈಕಲ್ ಶಾಪಿನವನ ಕೈಯಲ್ಲಿ ಒಂದು ಲಿಂಕ್ ತೆಗೆಸಿ ಚೈನನ್ನು ಬಿಗಿ ಮಾಡಿಸಿಕೊಂಡಿದ್ದ. ಸವೆದ ಚೈನ್ ಗಿಡ್ಡವಾಯಿತೇ ಹೊರತು ವಾಸಿಯಾಗಲಿಲ್ಲ. ಓಡುವಾಗ ಹಲ್ಲಿನ ಮೇಲಿಂದ ಜಾರಿ, ಕವಚದೊಳಗೆ ಸಿಕ್ಕಿಕೊಂಡು, ಚಕ್ರವನ್ನು ಹಿಡಿದು ನಿಲ್ಲಿಸಿತು. ಎದುರಿಗೆ ಲಾರಿ ಬರುತ್ತಿದ್ದರೆ ಹಿಂದೆ ಕೂತವಳ ಗತಿ ಏನಾಗುತ್ತಿತ್ತೋ.

ರಿಪೇರಿಯ ದುಡ್ಡಿಗಾಗಿ ಪಿಳ್ಳಪ್ಪ ಬಳ್ಳಿಯ ಮೇಲಿದ್ದ ದ್ರಾಕ್ಷಿಯನ್ನು ಹಣ್ಣಾಗುವ ಮೊದಲೇ ವ್ಯಾಪಾರಿಗೆ ಒಪ್ಪಿಸಿ ಬಂದ. ನಾನು ಬೆಂಗಳೂರಿಗೆ ಹೋಗಿ ಜೆ.ಸಿ. ರಸ್ತೆಯ ಅಂಗಡಿಗಳನ್ನು ಜಾಲಾಡಿದೆ. ಡೂಪ್ಲಿಕೇಟ್ ಸ್ಪ್ರಾಕೆಟ್ ಬೇಕಾದಷ್ಟು ಇದ್ದವು, ಅರ ಹಾಕಿದರೆ ಬೆಣ್ಣೆಯಂತೆ ಕರಗುವ ಕಬ್ಬಿಣ. ಅದನ್ನು "ಒರಿಜಿನಲ್ಲೇ ಸಾರ್" ಎಂದು ದೇವರಾಣೆ ಹಾಕಿ ಮಾರುವವರ ಮುಖವನ್ನು ನೋಡುವುದೂ ಬೇಡ ಎನಿಸಿ, ಕಂಪನಿ ಮಾಲು ಬರುವವರೆಗೆ ಕಾದೆ. ಬಂದ ಮೇಲೆ ಕೆಲಸ ಹಿಡಿದೆ. ಎಂಜಿನ್ನಿನ ಪಕ್ಕದ ಮುಚ್ಚಳ ತೆಗೆದು, ನಟ್ಟು ಸಡಿಲಾಗದಂತೆ ಹಿಡಿದಿರುವ ಲಾಕ್ ವಾಷರಿನ ಮಡಚಿದ ಕಿವಿ ಬಿಡಿಸಿ, ಮುಂದಿನ ಸ್ಪ್ರಾಕೆಟ್ ಬದಲಾಯಿಸಿದೆ. ಹಿಂದಿನದನ್ನು ಕೂರಿಸಿ, ಚಕ್ರ ಸೊಟ್ಟಗಾಗದಂತೆ ಎರಡೂ ಕಡೆ ಅಳೆದು ಬಿಗಿದೆ. ಚೈನ್ ಹಾಕಿ, ಅದರ ಎರಡು ತುದಿ ಸೇರಿಸುವ ಕೂಡು ಲಿಂಕಿನ ಕ್ಲಿಪ್ಪು ಕಳಚಿಕೊಳ್ಳದಂತೆ ಅದರ ಮುಚ್ಚಿದ ಬದಿಯನ್ನು ಚೈನ್ ಓಡುವ ದಿಕ್ಕಿಗೇ ಇಟ್ಟೆ. ತಿರುಗಿಸಿದರೆ ಸದ್ದೇ ಇಲ್ಲ. ನನ್ನ ಕೆಲಸದ ಬಗ್ಗೆ ನನಗೆ ಜಂಬವಿದೆ, ಅದನ್ನು ಮುಚ್ಚಿಡುವುದಿಲ್ಲ.

ಗಾಡಿ ರೆಡಿ ಎಂದು ತಿಳಿದ ದಿನ ಜಗನ್ನಾಥ ಮಾವನ ಮನೆಗೆ ಹೋಗಲಿಲ್ಲ. ಬಸ್ಸಿಳಿದು ನೇರ ಗ್ಯಾರೇಜಿಗೇ ಬಂದ.

"ಏನ್ ಮೇಸ್ತ್ರಿ, ಮುಗೀತಾ? ಹಂಗೇ ಒಂದು ಸೀಟ್ ಕವರ್ ಹಾಕ್ಬಿಡಿ. ಮಾವನ ಲೆಕ್ಕಕ್ಕೆ ಬರ್ಕೊಳ್ಳಿ," ಎಂದ.

"ಗಾಡಿ ತಂದು ಬಿಟ್ಟವರ ಕೈಗೇ ನಾನು ಗಾಡಿ ಕೊಡೋದು. ಅವರು ಬರ್ತಾರೆ, ಕೂತ್ಕೊಳ್ಳಿ," ಎಂದೆ. ಕೂರಲು ಹಳೇ ಟೈರು ತೋರಿಸಿದೆ. ಇಸ್ತ್ರಿ ಪ್ಯಾಂಟು ಕೆಡುತ್ತದೆಂದು ನಿಂತೇ ಇದ್ದ.

ಸ್ವಲ್ಪ ಹೊತ್ತಿಗೆ ಅಪ್ಪ ಮಗಳು ಬಂದರು. ಅಳಿಯನನ್ನು ಕಂಡದ್ದೇ ಪಿಳ್ಳಪ್ಪ ಹೆಗಲ ಮೇಲಿನ ಟವೆಲನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡ. ಅಂಥ ಮರ್ಯಾದಸ್ತ ಬೇಸಾಯಗಾರ, ಆ ಎಳಸಿನ ಎದುರು! ನನಗೆ ಮೈಯೆಲ್ಲ ಉರಿಯಿತು. ರತ್ನಮ್ಮನ ಕೈಯಲ್ಲಿ ಬಟ್ಟೆಯ ಚೀಲವಿತ್ತು. ಕಾಲು ಇನ್ನೂ ಎಳೆದು ಹಾಕುತ್ತಿದ್ದಳು. ನಾನು ಕೀಲಿಯನ್ನು ಅವಳ ಕೈಗೇ ಕೊಟ್ಟೆ. ಅವಳ ಕೈಯಿಂದ ಗಂಡ ತೆಗೆದುಕೊಂಡ. ಬಳ್ಳಾರಿ ರಸ್ತೆಯಲ್ಲಿ ಒಂದು ಸುತ್ತು ಹೊಡೆದು, ಬಾಯಿ ತುಂಬ ನಗುತ್ತಾ ಬಂದು ನಿಲ್ಲಿಸಿದ.

"ಬೆಣ್ಣೆ ಹಂಗೆ ಓಡ್ತದೆ ಮಾವ. ಆದ್ರೆ ಹಿಂದಿನ ಟೈರ್ ಸವೆದೋಗಿದೆ. ಯುಗಾದಿಗೆ ಬಂದಾಗ ಅದೊಂದು ಹಾಕಿಸ್ಬಿಡಿ," ಎಂದ. ಹೆಂಡತಿಯ ಕಡೆ ತಿರುಗಿ, "ಹತ್ತು ಮತ್ತೆ," ಎಂದ.

ರತ್ನಮ್ಮ ಹತ್ತಲಿಲ್ಲ. "ಟೈರ್ ಹಾಕ್ಸೋವಾಗ ನನ್ನೂ ತಂದು ಬಿಡ್ತೀರಾ?" ಎಂದು ಕೇಳಿದಳು.

"ಮತ್ತೆ? ಗಾಡಿ ಇಲ್ಲಿ ಬಿಟ್ಬಿಟ್ಟು ನಿನ್ನ ಬಸ್ನಾಗೆ ಕರ್ಕೊಂಡೋಗ್ಲಾ?" ಎಂದು ಅವನು ನಕ್ಕ. ತಾನು ಏನು ಹೇಳಿದೆ ಎನ್ನುವುದೂ ಆ ಮಂಕನಿಗೆ ತಿಳಿದಿರಲಿಲ್ಲ.

"ಹೂಂ. ಗಾಡಿ ಇಲ್ಲೇ ಇರ್ಲಿ. ಈಗ ನನ್ನ ಬಸ್ನಾಗೆ ಕರ್ಕೊಂಡೋಗಿ. ಬರ್ತೀನಿ."

ಅವಳು ದನಿ ಏರಿಸಲಿಲ್ಲ. ಪಿಳ್ಳಪ್ಪ "ಸುಮ್ನಿರವ್ವ" ಎಂದವನು, ಮಗಳ ಮುಖ ನೋಡಿ ತಾನೇ ಸುಮ್ಮನಾದ. ಹೊಸಕೋಟೆ ಕಡೆಯ ಬಸ್ಸು ನಿಲ್ದಾಣದಲ್ಲಿ ನಿಂತಿತ್ತು, ಕಂಡಕ್ಟರ್ ಕೂಗುತ್ತಿದ್ದ. ಜಗನ್ನಾಥ ಬಸ್ಸಿನ ಕಡೆ ನೋಡಿದ. ಟ್ಯಾಂಕಿನ ಮೇಲೆ ಕೈಯಾಡಿಸಿದ. "ತಲೆ ಕೆಟ್ಟಿದೆ ಇವಳಿಗೆ" ಎಂದು ನನಗೆ ಹೇಳಿ, ಕಿಕ್ ಹೊಡೆದು ಹೊರಟೇಹೋದ. ತಿರುಗಿ ಕೂಡ ನೋಡಲಿಲ್ಲ. ನಾನು ಹಾಕಿದ ಚೈನು ಒಂದಿಷ್ಟೂ ಸದ್ದು ಮಾಡದೆ ಅವನನ್ನು ಎಳೆದುಕೊಂಡು ಹೋಯಿತು. ಅಷ್ಟು ಅಚ್ಚುಕಟ್ಟಾಗಿ ರಿಪೇರಿ ಮಾಡಿದ್ದಕ್ಕೆ ಅವತ್ತೊಂದು ದಿನ ನನ್ನ ಕೈಯನ್ನು ನಾನೇ ಶಪಿಸಿದೆ.

ಪಿಳ್ಳಪ್ಪ ಟವೆಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡು, ಮಗಳ ಚೀಲವನ್ನು ತಾನೇ ಎತ್ತಿಕೊಂಡ. "ನಡಿ ಮಗ, ಕುಂದಾಣದ ಬಸ್ ಹೊರಟೋಗ್ತದೆ," ಎಂದ.

ಜಗನ್ನಾಥ ಆಮೇಲೆ ಬಂದನಂತೆ. ಹೊಲದ ಕೆಲಸ ಜೋರಾಗಿ ಮನೆಯಲ್ಲಿ ಅಡಿಗೆಗೆ ಜನವಿಲ್ಲದಾಗ, ಬಸ್ಸಿನಲ್ಲಿ ಬಂದು, ಬಸ್ಸಿನಲ್ಲೇ ಕರೆದುಕೊಂಡು ಹೋದನಂತೆ. "ಚಾರ್ಜೂ ಅವರೇ ಕೊಟ್ರು ಮೇಸ್ತ್ರಿ" ಎಂದು ಪಿಳ್ಳಪ್ಪ ನನ್ನ ಬಳಿ ಹೇಳಿಕೊಂಡ. ಹೆಂಡತಿಯ ಬಸ್ ಚಾರ್ಜು ಕೊಟ್ಟದ್ದೇ ಒಂದು ಸುದ್ದಿಯಾಗುವಂಥ ಗಂಡಸರು ನಮ್ಮವರು. ಅವಳು ಹೋದದ್ದು ಸರಿಯೇ ತಪ್ಪೇ ನನಗೆ ಗೊತ್ತಿಲ್ಲ. ಹೋದದ್ದು ಗಾಡಿಯ ಜೊತೆಯಲ್ಲಲ್ಲ ಎನ್ನುವುದಷ್ಟೇ ನನಗೆ ಸಮಾಧಾನ.

ಆ ಕೆಲಸದಿಂದ ನಾನು ಕಲಿತ ಪಾಠ ಇಷ್ಟು. ಸವೆದ ಚೈನಿಗೆ ಹೊಸ ಚೈನ್ ಹಾಕಿದರಷ್ಟೇ ಸಾಲದು, ಅದರ ದುಡ್ಡು ಸವಾರನ ಜೇಬಿನಿಂದಲೇ ಬರಬೇಕು. ಇಲ್ಲದಿದ್ದರೆ ಅವನು ಜನ್ಮದಲ್ಲಿ ಎಣ್ಣೆಯ ಡಬ್ಬಿ ಮುಟ್ಟುವುದಿಲ್ಲ. ಅವತ್ತಿನಿಂದ ಗ್ಯಾರೇಜು ಮುಚ್ಚುವವರೆಗೂ ಮಾವನ ಲೆಕ್ಕದ ಗಾಡಿಗೆ ನಾನು ಸ್ಪ್ಯಾನರ್ ಹಚ್ಚಲಿಲ್ಲ. ಎಷ್ಟೋ ಅಳಿಯಂದಿರು ಬೈದುಕೊಂಡು ದೊಡ್ಡಬಳ್ಳಾಪುರದ ಮೆಕ್ಯಾನಿಕ್ಕುಗಳ ಕಡೆ ಹೋದರು. ಹೋಗಲಿ ಎಂದು ಬಿಟ್ಟೆ. ಅವರು ಗಾಡಿ ತಳ್ಳಿಕೊಂಡು ಬಿಸಿಲಿನಲ್ಲಿ ಹೋಗುವುದನ್ನು ಬಾಗಿಲಲ್ಲಿ ನಿಂತು, ಟೀ ಕುಡಿಯುತ್ತಾ ನೋಡುತ್ತಿದ್ದೆ.