ಎರಡು ಕುರಿಮರಿಗಳಿಗೆ ಹಾಲು ಬಿಡಿಸಿದ್ದು

ನಮ್ಮ ಅಡುಗೆಮನೆಯ ಪಾತ್ರೆ ಸ್ಟ್ಯಾಂಡಿನಲ್ಲಿ ಎರಡು ಹಾಲಿನ ಬಾಟಲಿಗಳು ಬೋರಲಾಗಿ ಒಣಗುತ್ತಿರುವುದನ್ನು ಕಂಡ ಅತಿಥಿಗಳು, ಮೊದಲು ಬಾಟಲಿಗಳನ್ನೂ ಆಮೇಲೆ ನನ್ನನ್ನೂ ನೋಡಿ, ಕೊನೆಗೆ ಸೌಜನ್ಯಕ್ಕೆ ಕಟ್ಟುಬಿದ್ದು ಕಿಟಕಿಯ ಹೊರಗೆ ನೋಡುತ್ತಿದ್ದರು. ಮದುವೆಯಾಗದ, ಮಾತು ಕಡಿಮೆಯ, ರಸಾಯನಶಾಸ್ತ್ರದಲ್ಲಿ ಸಂಶೋಧನಾ ಪ್ರಬಂಧ ಬರೆಯುತ್ತ ಮನೆಯಲ್ಲೇ ಕುಳಿತ ಹುಡುಗಿಯ ಬಗ್ಗೆ ಕುತೂಹಲಪಡಲು ಅಷ್ಟು ಸಾಮಗ್ರಿ ಧಾರಾಳವಾಯಿತು. ವಿವರಣೆ ಕೊಡುವುದು ನನ್ನ ಜಾಯಮಾನವಲ್ಲ. ಕೊಟ್ಟಿದ್ದರೂ, ಅವು ಕುರಿಮರಿಗಳ ಬಾಟಲಿಗಳೆಂಬ ಸತ್ಯ, ಅವರು ಊಹಿಸಿಕೊಂಡ ಸುಳ್ಳಿಗಿಂತ ಹೆಚ್ಚು ನಂಬುವಂತೆ ಕೇಳಿಸುತ್ತಿರಲಿಲ್ಲ.

ಹೇರೋಹಳ್ಳಿಯಲ್ಲಿ ನಮ್ಮ ಮನೆಯ ಬೆನ್ನಿಗೇ ನನ್ನ ಸೋದರತ್ತೆ ಪುಟ್ಟಮ್ಮನವರ ಹತ್ತು ಗುಂಟೆ ನೆಲವಿದೆ. ಮೂರು ದಿಕ್ಕಿನಿಂದಲೂ ನಾಲ್ಕಂತಸ್ತಿನ ಮನೆಗಳು ಅದರೊಳಗೆ ಇಣುಕುತ್ತವೆ. ನಡುವೆ ಒಂದು ತಗಡಿನ ಕೊಟ್ಟಿಗೆ, ಒಂದು ಸಾಲು ಹಿಪ್ಪುನೇರಳೆ ಗಿಡ, ಹನ್ನೆರಡು ಕುರಿ. ಬೆಳಿಗ್ಗೆ ಅತ್ತೆ ಅವನ್ನು ಖಾಲಿ ಸೈಟುಗಳ ಕಡೆ ಹೊಡೆದುಕೊಂಡು ಹೊರಟರೆ, ರಸ್ತೆಯ ಗುಂಡಿಗಳಿಗೆ ಹೆದರಿ ಮೆಲ್ಲಗಾಗುವ ಕಾರುಗಳು ಕುರಿಗಳಿಗೆ ಮರ್ಯಾದೆ ಕೊಡುತ್ತಿರುವಂತೆ ಕಾಣುತ್ತವೆ. ಕಳೆದ ಚಳಿಗಾಲದಲ್ಲಿ ಒಂದು ಕುರಿ ಅವಳಿ ಮರಿ ಹಾಕಿ ಮೂರನೆಯ ದಿನ ಸತ್ತಿತು. ಅತ್ತೆಗೆ ಮಂಡಿನೋವು, ಮರಿಗಳಿಗೆ ದಿನಕ್ಕೆ ಐದು ಸಲ ಬಾಗಿ ಕುಳಿತು ಹಾಲು ಕುಡಿಸುವವರು ಬೇಕಿತ್ತು.

"ನೀನು ಹೆಂಗಿದ್ರೂ ಮನೇಲೇ ಇರ್ತೀಯಲ್ಲ ಕಣೇ" ಎಂದರು. ಪ್ರಬಂಧ ಬರೆಯುವುದೂ ಒಂದು ಕೆಲಸವೆಂದು ನಮ್ಮ ಬಂಧುವರ್ಗದಲ್ಲಿ ಇನ್ನೂ ಯಾರಿಗೂ ಮನವರಿಕೆಯಾಗಿಲ್ಲ.

ನಾನು ಮೊದಲು ವೇಳಾಪಟ್ಟಿ ಬರೆದು ಕೊಟ್ಟಿಗೆಯ ಕಂಬಕ್ಕೆ ಅಂಟಿಸಿದೆ. ಹಾಲನ್ನು ಅಳತೆ ಮಾಡಿದೆ, ಅದರ ಬಿಸಿಯನ್ನು ಥರ್ಮಾಮೀಟರಿನಿಂದ ನೋಡಿದೆ. ಹೆಸರಿಡಬೇಡವೆಂದು ಅತ್ತೆ ಮೊದಲೇ ಕಟ್ಟಪ್ಪಣೆ ಮಾಡಿದ್ದರಿಂದ ಮರಿಗಳನ್ನು ದೊಡ್ಡದು, ಚಿಕ್ಕದು ಎಂದಷ್ಟೇ ಕರೆದೆ. ದೊಡ್ಡದು ಬಾಟಲಿ ಕಂಡೊಡನೆ ಮೇಲೆ ಬೀಳುತ್ತಿತ್ತು. ಚಿಕ್ಕದು ಬಾಯಿ ಬಿಗಿಹಿಡಿದು ನಿಲ್ಲುತ್ತಿತ್ತು.

ಅಮ್ಮನಿಗೆ ಇಂಥ ಹಟಗಳಿಗೆ ಮದ್ದು ಗೊತ್ತಿತ್ತು. ಅಟ್ಟದಿಂದ ನನ್ನ ಕಾಲದ ಒಳಲೆಯನ್ನು ಇಳಿಸಿ ಕೊಟ್ಟಳು: ಎಳೆಗೂಸುಗಳ ಬಾಯಿಗೆ ಹಾಲೆರೆಯುವ, ಕೊಕ್ಕಿನ ಮೂತಿಯ ಪುಟ್ಟ ಬೆಳ್ಳಿ ಬಟ್ಟಲು. ನಾನು ಅಜ್ಜಿಯರಂತೆ ಕಾಲು ನೀಡಿ ಕುಳಿತು, ಮರಿಯನ್ನು ಮೊಣಕಾಲ ಮೇಲೆ ಅಂಗಾತ ಮಲಗಿಸಿ, ಹದವಾಗಿ ಹಾಲು ಹುಯ್ದೆ. ಎಲ್ಲಿ ಓದಿದ್ದರೂ, ಎಷ್ಟು ಓದಿದ್ದರೂ, ಹಾಲು ಕುಡಿಸು ಎಂದೊಡನೆ ನಮ್ಮ ಮನೆಗಳ ಹೆಣ್ಣುಮಕ್ಕಳ ಕಾಲುಗಳು ತಾವಾಗಿಯೇ ನೀಡಿಕೊಳ್ಳುತ್ತವೆ; ನೀವಾಗಿದ್ದರೂ ಹಾಗೆಯೇ ಕೂರುತ್ತಿದ್ದಿರಿ. ಮರಿ ಕೆಮ್ಮಿತು, ಒದ್ದಾಡಿತು, ಮೂಗಿನಿಂದ ಹಾಲು ಬಂತು.

"ಅಯ್ಯೋ ನಿನ್ನ! ಬಾಣಂತಿತನ ಮಾಡ್ತಾ ಇದೀಯೇನೇ?" ಅತ್ತೆ ಕುಂಟುತ್ತಲೇ ಓಡಿ ಬಂದು ಮರಿಯನ್ನು ಎತ್ತಿ ನಿಲ್ಲಿಸಿದರು. "ಅದು ಕುರಿ ಕಣೇ, ನಿಂತ್ಕೊಂಡು ಕತ್ತೆತ್ತಿ ಕುಡೀಬೇಕು. ಮಲಗಿಸಿ ಹುಯ್ದ್ರೆ ಹಾಲು ಎದೆಗಿಳಿಯುತ್ತೆ."

ಇಳಿದಿತ್ತು. ಮರುದಿನ ಮರಿಗೆ ಜ್ವರ, ಉಬ್ಬಸ. ಪಶುವೈದ್ಯರು ಐದು ದಿನ ಬಂದು ಸೂಜಿ ಹಾಕಿದರು. "ಉಳಿದ್ರೆ ಅದರ ಪುಣ್ಯ" ಎಂದು ಅತ್ತೆ ಮೆಲ್ಲಗೆ ಹೇಳಿದರು, ಬೈದಿದ್ದರೆ ವಾಸಿಯಿತ್ತು. ನನ್ನ ಕೈಯಿಂದಾದ ತಪ್ಪಿದು. ಚಿಕ್ಕದು ಬದುಕಬೇಕು, ಬರಿದೇ ಬದುಕಿದರೆ ಸಾಲದು, ಹಾಲು ಬಿಟ್ಟು, ಮೇವು ಹಿಡಿದು, ಮಂದೆಯಲ್ಲೊಂದು ಕುರಿಯಾಗಬೇಕು. ಅಷ್ಟಾಗುವತನಕ ನನಗೆ ಸಮಾಧಾನವಿಲ್ಲವೆಂದು ತಿಳಿಯಿತು.

ಆರನೆಯ ದಿನ ಅದು ನಿಂತುಕೊಂಡು, ಕತ್ತೆತ್ತಿ, ಬಾಲ ಅಲ್ಲಾಡಿಸುತ್ತ ಬಾಟಲಿ ಖಾಲಿ ಮಾಡಿತು. ಆ ಬಾಲವನ್ನು ಎಷ್ಟು ಹೊತ್ತು ನೋಡಿದೆನೆಂಬುದು ನನ್ನ ಖಾಸಗಿ ವಿಚಾರ.

ಎರಡು ತಿಂಗಳು ತುಂಬಿದಾಗ ಹಾಲು ಬಿಡಿಸುವ ಕಾಲ ಬಂತು. ಬಾಟಲಿಯ ಮೂತಿಗೆ ಬೇವು ಅರೆದು ಹಚ್ಚಲು ಅಮ್ಮ ಸೂಚಿಸಿದಳು. ನನಗೂ ಹಾಗೆಯೇ ಬಿಡಿಸಿದ್ದಂತೆ. ಅತ್ತೆ ನಕ್ಕುಬಿಟ್ಟರು. "ಬೇವಂದ್ರೆ ಕುರಿಗೆ ಹಬ್ಬದೂಟ ಕಣತ್ತಿಗೆ!" ಅವರ ದಾರಿಯೇ ಬೇರೆ: ದಿನದಿನಕ್ಕೂ ಹಾಲಿಗೆ ನೀರು ಹೆಚ್ಚಿಸುತ್ತ ಹೋಗುವುದು, ಕೊನೆಗೆ ಮರಿಗೇ ಬೇಸರ ಬರುವಂತೆ. ಹಾಲಿಗೆ ನೀರು ಬೆರೆಸುವವರನ್ನು ತಲೆಮಾರುಗಳಿಂದ ಶಪಿಸುತ್ತ ಬಂದ ಮನೆತನದವಳಾದ ನಾನು, ಆ ಪಾಪಕಾರ್ಯವನ್ನು ಗೆರೆ ಹಾಕಿದ ಅಳತೆಪಾತ್ರೆ ಹಿಡಿದು, ಒಂದು ಹನಿಯೂ ತಪ್ಪದಂತೆ, ನಿತ್ಯಪೂಜೆಯ ಶ್ರದ್ಧೆಯಿಂದ ನಡೆಸಿದೆ.

ದೊಡ್ಡದು ಹುಲ್ಲಿಗೆ ಬಾಯಿ ಹಾಕಿತು. ಚಿಕ್ಕದು ಮಾತ್ರ ತೆಳ್ಳನೆಯ ಹಾಲನ್ನೇ ಕುಡಿದು, ಬೇರೇನನ್ನೂ ಮುಟ್ಟದೆ, ನನ್ನ ದುಪಟ್ಟಾ ಚೀಪುತ್ತ ನಿಂತಿತು. ಪಕ್ಕೆಯೆಲುಬುಗಳು ಕಾಣತೊಡಗಿದವು.

"ಮೇಯೋದನ್ನ ಅದ್ರಮ್ಮ ತಿಂದು ತೋರಿಸ್ಬೇಕಿತ್ತು. ಈಗ ಅದಕ್ಕೆ ಅಮ್ಮ ಯಾರು?" ಎಂದು ಅತ್ತೆ ನನ್ನನ್ನೇ ನೋಡಿದರು. "ಬಗ್ಗು."

ಬಗ್ಗಿದೆ. ಹಾಡಹಗಲಿನಲ್ಲಿ, ಮೂರು ದಿಕ್ಕಿನ ಬಾಲ್ಕನಿಗಳ ಸಮಕ್ಷಮದಲ್ಲಿ, ಅಂಗೈ ಮಂಡಿ ನೆಲಕ್ಕೂರಿ, ಹಿಪ್ಪುನೇರಳೆ ಸೊಪ್ಪಿನೊಳಗೆ ಮುಖವಿಟ್ಟು ಕರಕರ ಸದ್ದು ಮಾಡಿದೆ. ಸೆಮಿನಾರುಗಳಲ್ಲಿ ಎದ್ದು ಪ್ರಶ್ನೆ ಕೇಳಲು ಸಂಕೋಚಪಡುವವಳು ನಾನು. ಬಟ್ಟೆ ಒಣಹಾಕುತ್ತಿದ್ದ ಹೆಂಗಸೊಬ್ಬರು ಮೇಲಿನಿಂದಲೇ ಕೂಗಿದರು: "ಏನಾದ್ರೂ ಕಳ್ಕೊಂಡ್ರಾ ಮೇಡಂ? ಓಲೇನಾ?"

"ಇಲ್ಲ ಆಂಟಿ, ಊಟ ಮಾಡ್ತಾ ಇದೀನಿ" ಎಂದೆ. ಅವರು ಬಟ್ಟೆ ಬಿಟ್ಟು ಒಳಗೆ ಹೋದರು.

ಹಿಪ್ಪುನೇರಳೆ ಎಲೆ ಮೊದಲು ತುಸು ಸಿಹಿ, ಆಮೇಲೆ ನಾಲಿಗೆಗೆ ತರಿತರಿ. ನಾಲ್ಕು ದಿನ ಹೀಗೆ ಮೇಯ್ದೆ. ಐದನೆಯ ದಿನ ಚಿಕ್ಕದು ಹತ್ತಿರ ಬಂದು, ನನ್ನ ತುಟಿಯ ನಡುವಿನ ಎಲೆಯನ್ನು ಮೂಸಿ, ಎಳೆದುಕೊಂಡು, ಅಗಿಯಿತು. ಇನ್ನೊಂದನ್ನು ಗಿಡದಿಂದ ತಾನೇ ಕಿತ್ತಿತು. ವಾರದ ಕೊನೆಗೆ, ಬರೀ ನೀರಾಗಿದ್ದ ಬಾಟಲಿಯನ್ನೊಮ್ಮೆ ಬಾಯಿಗೆ ತೆಗೆದುಕೊಂಡು, ಬಿಟ್ಟು, ಸೊಪ್ಪಿನ ಕಡೆ ನಡೆಯಿತು.

ಮೊನ್ನೆ ತಾವರೆಕೆರೆಯಿಂದ ಅತ್ತೆಯ ದೊಡ್ಡಪ್ಪನ ಮಗ ಬಂದಿದ್ದರು. ಬಾಳೆಲ್ಲ ಕುರಿಯ ಹಿಂದೆಯೇ ನಡೆದವರು. ಬಾಟಲಿಯಲ್ಲಿ ಸಾಕಿದ ಮರಿಗಳ ಮಾತು ಬಂದಾಗ ಅವರು ಕೈಯಾಡಿಸಿದರು. "ಬಾಟ್ಲಿ ಮರಿ ಕುರಿ ಆಗಲ್ಲ ಬಿಡವ್ವ. ಹೊಟ್ಟೆ ಡುಬ್ಬ ಇರುತ್ತೆ, ಮನುಷ್ಯರ ಹಿಂದೇನೇ ಸುತ್ತುತ್ತೆ. ನಾನು ದೂರದಿಂದ್ಲೇ ಹೇಳ್ಬಿಡ್ತೀನಿ."

"ಹೇಳು ನೋಡಣ" ಎಂದರು ಅತ್ತೆ.

ಅವರು ಬೇಲಿಗೆ ಒರಗಿ ಬಹಳ ಹೊತ್ತು ನೋಡಿ, ತಾಯಿಯ ಹಾಲನ್ನೇ ಕುಡಿದು ಬೆಳೆದ ಒಂದು ಮರಿಯನ್ನು ತೋರಿಸಿದರು. ಅತ್ತೆ ತಲೆಯಾಡಿಸಿದರು. ಇನ್ನೊಂದನ್ನು ತೋರಿಸಿದರು. ಅದೂ ಅಲ್ಲ. ಚಿಕ್ಕದು ಅವರಿಂದ ಮಾರು ದೂರದಲ್ಲೇ, ಬೇರೆ ಕುರಿಗಳ ಮಗ್ಗುಲಿಗೆ ಮಗ್ಗುಲೊತ್ತಿ, ಬಗ್ಗಿಸಿದ ತಲೆ ಎತ್ತದೆ ಮೇಯುತ್ತಿತ್ತು. ನಾನಲ್ಲೇ ನಿಂತಿದ್ದರೂ ನನ್ನ ಕಡೆ ತಿರುಗಲಿಲ್ಲ.

"ಹಂಗಾದ್ರೆ ಬಾಟ್ಲಿ ಮರಿ ಈ ಮಂದೇಲಿಲ್ಲ" ಎಂದು ಅವರು ಕೊನೆಗೆ ತೀರ್ಪು ಕೊಟ್ಟರು.

ಅತ್ತೆ ನನ್ನ ಮುಖ ನೋಡಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಸರಿಯಾಗಿ ಹೇಳಿದೆ ಕಣಣ್ಣ, ಇಲ್ಲ" ಎಂದರು.