ಪೂರ್ವಕ್ಕೆ ತಿರುಗಿದ ಬಾಗಿಲು

ವಾಚನಾಲಯದ ಗೋಡೆಪತ್ರಿಕೆ ಓದುವ ಗೆಳೆಯರೇ, ಇಂದು ಚಿಕ್ಕೋಡಿಯಲ್ಲಿ ನನ್ನನ್ನು ಒಂದು ಆಟಕ್ಕೆ ಪಂಚನಾಗಿ ಕೂಡಿಸಿದ್ದರು. ಕಟ್ಟಡ ಕೆಲಸ ಕಲಿಯುವ ಹುಡುಗರಿಗೆ ಕರಾರಿನ ಕಾಯಿದೆ ಕಲಿಸಲು ಅವರ ಮಾಸ್ತರರು ಬಯಲಲ್ಲಿ ಸೊಂಟದೆತ್ತರದ ಮನೆಯೊಂದನ್ನು ಕಟ್ಟಿಸಿದ್ದರು. ಆಟದಲ್ಲಿ ಬೋರಗಾಂವದ ಬಾಹುಬಲಿ ಮಾಲಕ, ರಾಯಬಾಗದ ಮಾರುತಿ ಗುತ್ತಿಗೆದಾರ. ಕರಾರು ಮುರಿದವನು ನಪಾಸು. ಕರಾರಿನಲ್ಲಿ ಬಾಗಿಲು ದಕ್ಷಿಣಕ್ಕೆ. ಮಾರುತಿ ಇಟ್ಟದ್ದು ಪೂರ್ವಕ್ಕೆ.

“ನಿನ್ನ ತಕರಾರು ಏನಪಾ?” ಎಂದು ಮಾಲಕನನ್ನು ಕೇಳಿದೆ.

“ಏನೂ ಇಲ್ರಿ. ಚಲೋನ ಮಾಡ್ಯಾನ.”

ಮಾಸ್ತರರು ಮಾರುತಿಯ ಮೇಲೆ ಕೆರಳಿದರು. “ಯಾರನ್ನ ಕೇಳಿ ತಿರುಗಿಸಿದಿ ಲೇ?”

“ದಕ್ಷಿಣಕ್ಕ ಇಟ್ರ ಮಾಲಕರ ಅವ್ವ ನನ್ನ ಬೈತಾಳ್ರಿ.”

“ಆಟದ ಮನ್ಯಾಗ ಅವ್ವ ಎಲ್ಲಿಂದ ಬಂದ್ಲು?”

“ಮನಿ ಅಂದ ಮ್ಯಾಲ ಅವ್ವ ಇರೂದಿಲ್ಲೇನ್ರಿ ಸರ?”

ಎಲ್ಲರೂ ನಕ್ಕರು; ನಾನು ನಗಲಿಲ್ಲ. ನಾವು ಮನೆ ಕಟ್ಟಿಸಿದಾಗ ಗೌಂಡಿ, ದೃಷ್ಟಿಯಾದೀತೆಂದು, ನಮ್ಮನ್ನು ಕೇಳದೆ ಅಡುಗೆಮನೆಯ ಕಿಟಕಿ ಮುಚ್ಚಿಬಿಟ್ಟಿದ್ದ. ನನ್ನ ಹೆಂಡತಿ ಇಂದಿಗೂ ಹೊಗೆಯಲ್ಲಿ ರೊಟ್ಟಿ ಬಡಿಯುತ್ತಾಳೆ. ಒಳ್ಳೆಯದನ್ನೂ ಕೇಳಿಯೇ ಮಾಡಬೇಕು ಎಂದೆ. ಕರಾರಿನಂತೆ ದಕ್ಷಿಣಕ್ಕೂ ಬಾಗಿಲು ತೆರೆದುಕೊಟ್ಟರೆ ಮಾರುತಿ ಪಾಸು ಎಂದು ತೀರ್ಪು ಕೊಟ್ಟೆ.

ಗೋಡೆ ಇನ್ನೂ ಹಸಿಯಾಗಿತ್ತು. ಮಾರುತಿ ಇಟ್ಟಿಗೆ ಕಿತ್ತು ದಾರಿ ಮಾಡಿದ. ಮಾಸ್ತರರು ಪಾಸು ಎಂದರು. ಆಮೇಲೆ ಒಳಗಿನ ಅಳತೆ ನೋಡಲು ಹೊರಟವರು, ಕಣ್ಣೆದುರಿಗಿದ್ದ ದಕ್ಷಿಣದ ಬಾಗಿಲು ಬಿಟ್ಟು ಪೂರ್ವಕ್ಕೆ ಸುತ್ತಿಹೋದರು.

ಟೇಪು ಹಿಡಿದು ನಾನೂ ಅವರ ಹಿಂದೆಯೇ ಹೋದೆ.